ಕಾರ್ಲೋಸ್ ಅಲ್ಕರಾಜ್: ಹತ್ತೊಂಬತ್ತರ ಹರೆಯದ ಅಗ್ರಸ್ಥಾನ

ಕಾರ್ಲೋಸ್ ಅಲ್ಕರಾಜ್ ಗಾರ್ಫಿಯಾ (ಜನನ: 5 ಮೇ 2003) ಸ್ಪೇನಿನ ಆಗ್ನೇಯ ಮೂಲೆಯಲ್ಲಿರುವ ಮುರ್ಸಿಯಾದ ಎಲ್ ಪಾಲ್ಮಾರ್ ಎಂಬಲ್ಲಿ ಹುಟ್ಟಿದ ಟೆನಿಸ್ ಆಟಗಾರ. 2022ರ ಸೆಪ್ಟೆಂಬರ್ 11ರಂದು ನ್ಯೂಯಾರ್ಕಿನಲ್ಲಿ ಅಮೆರಿಕ ಓಪನ್ ಗೆದ್ದು, ಮರುದಿನ ಪ್ರಕಟವಾದ ಪಟ್ಟಿಯಲ್ಲಿ ಪುರುಷರ ಸಿಂಗಲ್ಸ್‌ನ ಮೊದಲ ಸ್ಥಾನಕ್ಕೆ ಬಂದಾಗ ಅವರಿಗೆ 19 ವರ್ಷ 4 ತಿಂಗಳು. ಕಂಪ್ಯೂಟರ್ ಲೆಕ್ಕದ ರ‍್ಯಾಂಕಿಂಗ್ 1973ರಲ್ಲಿ ಜಾರಿಗೆ ಬಂದ ಮೇಲೆ ಹದಿಹರೆಯ ದಾಟುವ ಮುನ್ನವೇ ಆ ಜಾಗ ಹಿಡಿದ ಮೊದಲ ಪುರುಷ ಅವರು. ಅದುವರೆಗಿನ ಅತಿ ಕಿರಿಯರಾದ ಆಸ್ಟ್ರೇಲಿಯಾದ ಲೇಟನ್ ಹೆವಿಟ್ 2001ರಲ್ಲಿ ಅಲ್ಲಿಗೇರಿದಾಗ ಅವರಿಗೆ 20 ತುಂಬಿತ್ತು. ಇಂಥ ಏರಿಕೆಯನ್ನು ವಿವರಿಸಲು ಬಳಕೆಯಲ್ಲಿರುವ ಮಾತುಗಳು ಎಲ್ಲರಿಗೂ ಗೊತ್ತು: ಬಿಸಿರಕ್ತ, ಕಾಲಿನ ವೇಗ, ಸೋಲಿನ ಭಯ ಇನ್ನೂ ಅಂಟದ ಎದೆಗಾರಿಕೆ. ಅಲ್ಕರಾಜ್ ವಿಷಯದಲ್ಲಿ ಇವು ಸುಳ್ಳಲ್ಲ, ಆದರೆ ಸಾಲವು. ಇದೇ ಗುಣಗಳಿದ್ದ ಹುಡುಗರು ಹಿಂದೆಯೂ ಬೇಕಾದಷ್ಟು ಜನ ಬಂದಿದ್ದರು, ಯಾರೂ ಈ ವಯಸ್ಸಿಗೆ ಇಲ್ಲಿಗೆ ತಲುಪಲಿಲ್ಲ. ಅಗ್ರ ಆಟಗಾರರಿಗೂ ಬೆಳೆಯುವ ಹುಡುಗನಿಗೂ ನಡುವಿನ ಅಂತರ ಮುಖ್ಯವಾಗಿ ತೋಳ್ಬಲದ್ದಲ್ಲ, ಒಂದು ಚೆಂಡಿಗೆ ಕೊಡಬಲ್ಲ ಉತ್ತರಗಳ ಸಂಖ್ಯೆಯದು. ಆ ಸಂಖ್ಯೆ ಸಾಮಾನ್ಯವಾಗಿ ವರ್ಷಗಳು ಉರುಳಿದಂತೆ ಮಾತ್ರ ಬೆಳೆಯುತ್ತದೆ. ಅಲ್ಕರಾಜ್ ಅದನ್ನು ಮೊದಲೇ ಕಟ್ಟಿಕೊಂಡು ಬಂದರು ಎಂಬುದು ಈ ಲೇಖನದ ವಾದ.

ಹದಿಹರೆಯದವರು ದೊಡ್ಡ ಟೂರ್ನಿ ಗೆದ್ದ ಉದಾಹರಣೆಗಳಿಗೆ ಪುರುಷರ ಟೆನಿಸ್‌ನಲ್ಲಿ ಬರವಿಲ್ಲ. ಸ್ವೀಡನ್ನಿನ ಬ್ಯೋನ್ ಬೋರ್ಗ್ 1974ರಲ್ಲಿ 18ರ ಪ್ರಾಯದಲ್ಲಿ ಫ್ರೆಂಚ್ ಓಪನ್ ಗೆದ್ದರು, ಅದೇ ದೇಶದ ಮ್ಯಾಟ್ಸ್ ವಿಲಾಂಡರ್ 1982ರಲ್ಲಿ 17ಕ್ಕೇ ಗೆದ್ದರು. ಬೋರಿಸ್ ಬೆಕರ್ 1985ರಲ್ಲಿ ಶ್ರೇಯಾಂಕವೇ ಇಲ್ಲದೆ ವಿಂಬಲ್ಡನ್‌ಗೆ ಹೋಗಿ 17ರ ವಯಸ್ಸಿನಲ್ಲಿ ಟ್ರೋಫಿ ಎತ್ತಿದರು. 1989ರ ಪ್ಯಾರಿಸ್‌ನಲ್ಲಿ ಸ್ನಾಯುಸೆಳೆತದಿಂದ ನಿಲ್ಲಲೂ ಆಗದೆ ಒದ್ದಾಡುತ್ತಿದ್ದ ಮೈಕೆಲ್ ಚಾಂಗ್ ಆಗಿನ ಒಂದನೇ ನಂಬರಿನ ಇವಾನ್ ಲೆಂಡ್ಲ್‌ಗೆ ಕೈಕೆಳಗಿನಿಂದ ಸರ್ವ್ ಮಾಡಿ ದಿಕ್ಕುತಪ್ಪಿಸಿ, ಕೊನೆಗೆ ಪ್ರಶಸ್ತಿಯನ್ನೂ ಗೆದ್ದರು. ಮುಂದಿನ ವರ್ಷ ಪೀಟ್ ಸಾಂಪ್ರಾಸ್ 19ಕ್ಕೆ ಅಮೆರಿಕ ಓಪನ್, 2005ರಲ್ಲಿ ರಫೆಲ್ ನಡಾಲ್ 19ಕ್ಕೆ ಫ್ರೆಂಚ್ ಓಪನ್ ಗೆದ್ದರು. ಈಗ ಇವರೆಲ್ಲ ಒಂದನೇ ಸ್ಥಾನಕ್ಕೆ ಯಾವಾಗ ಬಂದರು ಎಂದು ನೋಡಬೇಕು. ಬೋರ್ಗ್ 1977ರಲ್ಲಿ, ವಿಲಾಂಡರ್ 1988ರಲ್ಲಿ, ಬೆಕರ್ 1991ರಲ್ಲಿ, ಸಾಂಪ್ರಾಸ್ 1993ರಲ್ಲಿ, ನಡಾಲ್ 2008ರಲ್ಲಿ. ಚಾಂಗ್ ಎರಡನೇ ಸ್ಥಾನಕ್ಕಿಂತ ಮೇಲೆ ಹೋಗಲೇ ಇಲ್ಲ. ಎರಡು ವಾರದ ಗೆಲುವಿಗೂ ಅಗ್ರಸ್ಥಾನಕ್ಕೂ ನಡುವೆ ಮೂರರಿಂದ ಆರು ವರ್ಷಗಳ ದಾರಿ ಮಾಮೂಲು. ಇದು ಕಾಕತಾಳೀಯವಲ್ಲ, ರ‍್ಯಾಂಕಿಂಗ್‌ನ ಸ್ವಭಾವವೇ ಹಾಗೆ. ಹಿಂದಿನ 52 ವಾರಗಳ ಫಲಿತಾಂಶಗಳು ಅದರ ಬಂಡವಾಳ. ಒಂದು ಗ್ರ್ಯಾನ್‌ಸ್ಲಾಮ್‌ಗೆ 2000 ಅಂಕ, ಮಾಸ್ಟರ್ಸ್ ಟೂರ್ನಿಗೆ 1000. ಜನವರಿಯ ಮೆಲ್ಬರ್ನಿನಿಂದ ನವೆಂಬರಿನ ಒಳಾಂಗಣದವರೆಗೆ, ಹಾರ್ಡ್‌ಕೋರ್ಟ್, ಆವೆಮಣ್ಣು, ಹುಲ್ಲು ಮೂರೂ ನೆಲಗಳಲ್ಲಿ ಯಾರು ಹೆಚ್ಚು ಕಾಲ ಉಳಿಯುತ್ತಾರೋ ಅವರದೇ ಲೆಕ್ಕ ಮುಂದೆ. ಎದುರಾಳಿಗಳು ಇನ್ನೂ ಓದಿಲ್ಲದ ಒಂದು ಅಸ್ತ್ರ ಹದಿನೈದು ದಿನಕ್ಕೆ ಸಾಕಾಗುತ್ತದೆ. ವರ್ಷವಿಡೀ ಅದೇ ಅಸ್ತ್ರ ಝಳಪಿಸಿದರೆ ಮೂರನೇ ತಿಂಗಳಿಗೆ ಅದಕ್ಕೆ ಮದ್ದು ಸಿಕ್ಕಿರುತ್ತದೆ. ವಿಲಾಂಡರ್ ಮಾತ್ರ ಈ ವಿವರಣೆಗೆ ಸ್ವಲ್ಪ ತೊಡಕು. ಅವರು 1983ರಲ್ಲೇ ಆಗಿನ್ನೂ ಹುಲ್ಲಿನ ಮೇಲೆ ನಡೆಯುತ್ತಿದ್ದ ಆಸ್ಟ್ರೇಲಿಯಾ ಓಪನ್ನನ್ನೂ ಗೆದ್ದಿದ್ದರು. ಆದರೆ ಅವರ ಕಾಲದಲ್ಲಿ ಮೇಲೆ ಕುಳಿತಿದ್ದವರು ಮೆಕೆನ್ರೊ ಮತ್ತು ಲೆಂಡ್ಲ್ ಎಂಬುದನ್ನು ಮರೆಯಬಾರದು.

2005ರಲ್ಲಿ ನಡಾಲ್ ಗೆದ್ದ ಬಳಿಕ 2022ರವರೆಗೆ ಹದಿಹರೆಯದ ಒಬ್ಬ ಪುರುಷನೂ ಗ್ರ್ಯಾನ್‌ಸ್ಲಾಮ್ ಗೆಲ್ಲಲಿಲ್ಲ. 2009ರಲ್ಲಿ ನ್ಯೂಯಾರ್ಕಿನಲ್ಲಿ ಗೆದ್ದ ಹ್ವಾನ್ ಮಾರ್ಟಿನ್ ಡೆಲ್ ಪೊಟ್ರೊಗೂ ಆಗ 20 ಆಗಿತ್ತು. ಈ ಬರಗಾಲಕ್ಕೆ ಫೆಡರರ್, ನಡಾಲ್, ಜೊಕೊವಿಚ್ ಎಂಬ ಮೂವರ ಹೆಸರು ಹೇಳಿದರೆ ಮುಗಿಯಿತು ಎನಿಸಬಹುದು. 2022ರ ವಿಂಬಲ್ಡನ್ ಮುಗಿದಾಗ ಮೂವರ ಕೈಯಲ್ಲಿ ಒಟ್ಟು 63 ಗ್ರ್ಯಾನ್‌ಸ್ಲಾಮ್ ಪ್ರಶಸ್ತಿಗಳಿದ್ದವು. ಆದರೆ ಅವರ ಕೆಳಗೂ ಒಂದು ಬದಲಾವಣೆ ನಡೆದಿತ್ತು. 1997ರಲ್ಲಿ ಬ್ರೆಜಿಲ್‌ನ ಗುಸ್ಟಾವೊ ಕುಯರ್ಟೆನ್ ಪಾಲಿಯೆಸ್ಟರ್ ತಂತಿ ಬಿಗಿದ ರ‍್ಯಾಕೆಟ್ ಹಿಡಿದು ಫ್ರೆಂಚ್ ಓಪನ್ ಗೆದ್ದ ಮೇಲೆ ಆ ತಂತಿ ಎಲ್ಲೆಡೆ ಹರಡಿತು. ಅದರಿಂದ ಚೆಂಡಿಗೆ ಹೆಚ್ಚು ಮುಮ್ಮೊಗ ತಿರುಗು (ಟಾಪ್‌ಸ್ಪಿನ್) ಸಿಗುತ್ತದೆ, ಎಷ್ಟೇ ಬೀಸಿ ಹೊಡೆದರೂ ಚೆಂಡು ಗೆರೆಯೊಳಗೆ ಇಳಿಯುತ್ತದೆ. ನೆಟ್‌ಗೆ ನುಗ್ಗಿ ಬಂದವನ ಪಕ್ಕದಿಂದ ಚೆಂಡು ದಾಟಿಸುವುದು ಸುಲಭವಾಯಿತು. ಆಟ ಹಿಂದಕ್ಕೆ ಸರಿದು ಬೇಸ್‌ಲೈನ್‌ನಲ್ಲಿ ನಿಂತಿತು. ಅಲ್ಲಿ ಗೆಲ್ಲಲು ಬೇಕಾದದ್ದು ಪಳಗಿದ ದೇಹ, ತಾಳ್ಮೆ ಮತ್ತು ತಪ್ಪು ಮಾಡದ ಅಭ್ಯಾಸ, ಅಂದರೆ ಇಪ್ಪತ್ತೈದು ದಾಟಿದವರಿಗೆ ಒಲಿಯುವ ಸಂಗತಿಗಳು. ಅಕಾಡೆಮಿಗಳು ಇದನ್ನೇ ಕಲಿಸಿದವು. ಹೀಗಾಗಿ ಒಂದು ಇಡೀ ಪೀಳಿಗೆ ಮೇಲಿನ ಮೂವರ ಆಟವನ್ನೇ, ಅವರಿಗಿಂತ ಒಂದು ಮಟ್ಟ ಕೆಳಗೆ ಆಡುತ್ತಾ ಉಳಿಯಿತು. ಸಿಟ್ಸಿಪಾಸ್, ಜ್ವರೇವ್, ಮೆಡ್ವೆಡೇವ್ ಮೊದಲಾದವರಿಗೆ ಪ್ರತಿಭೆ ಕಡಿಮೆಯಿತ್ತು ಎನ್ನಲು ಸಾಧ್ಯವಿಲ್ಲ. ಜೊಕೊವಿಚ್ ಆಡುವ ಆಟವನ್ನು ಜೊಕೊವಿಚ್ ಎದುರಿಗೇ ಆಡಿ ಐದು ಸೆಟ್‌ಗಳ ಪಂದ್ಯ ಗೆಲ್ಲುವುದು ದುಸ್ತರ, ಅಷ್ಟೇ.

ಅಲ್ಕರಾಜ್ ಬೆಳೆದ ವಾತಾವರಣ ಇದಕ್ಕಿಂತ ಬಹಳ ಬೇರೆಯೇನಲ್ಲ, ಅದೇ ಆವೆಮಣ್ಣಿನ ಸ್ಪೇನ್. ತಂದೆ ಸ್ವತಃ ಆಟಗಾರರಾಗಿದ್ದು ಮುರ್ಸಿಯಾದ ಕ್ಲಬ್ಬೊಂದರಲ್ಲಿ ಟೆನಿಸ್ ವಿಭಾಗ ನೋಡಿಕೊಳ್ಳುತ್ತಿದ್ದರು, ಮಗ ರ‍್ಯಾಕೆಟ್ ಹಿಡಿದದ್ದೂ ಅಲ್ಲೇ. ನಿರ್ಣಾಯಕವಾದದ್ದು ಹದಿನೈದರ ಪ್ರಾಯದಲ್ಲಿ ಸಿಕ್ಕ ಗುರು. ಹ್ವಾನ್ ಕಾರ್ಲೋಸ್ ಫೆರೆರೊ 2003ರಲ್ಲಿ, ಅಲ್ಕರಾಜ್ ಹುಟ್ಟಿ ತಿಂಗಳು ತುಂಬುವ ಹೊತ್ತಿಗೆ, ಫ್ರೆಂಚ್ ಓಪನ್ ಗೆದ್ದವರು, ಅದೇ ವರ್ಷ ಒಂದನೇ ಸ್ಥಾನವನ್ನೂ ಕಂಡವರು. ಸ್ಪೇನಿನ ವಿಲ್ಯೇನಾ ಪಟ್ಟಣದ ಬಳಿಯ ಅವರ ಅಕಾಡೆಮಿಯಲ್ಲಿ ಅಲ್ಕರಾಜ್ ತಯಾರಾದರು. 2025ರ ಕೊನೆಯಲ್ಲಿ ಬೇರೆಯಾಗುವವರೆಗೂ ಈ ಜೋಡಿ ಮುಂದುವರಿಯಿತು. ಹುಡುಗನ ಕೈಯಲ್ಲಿ ಮೊದಲೇ ಇದ್ದ ಡ್ರಾಪ್ ಶಾಟ್, ವಾಲಿ, ಲಾಬ್‌ಗಳನ್ನು ಕತ್ತರಿಸಿ ಒಪ್ಪ ಮಾಡದೆ ಉಳಿಸಿದ್ದು ಈ ತರಬೇತಿಯ ವಿಶೇಷ. ಹದಿನಾರರ ಹುಡುಗ ಅನಗತ್ಯವಾಗಿ ಡ್ರಾಪ್ ಶಾಟ್ ಆಡಿ ಅಂಕ ಕಳೆದುಕೊಂಡರೆ ಅದನ್ನು ಬಿಡಿಸುವುದು ತರಬೇತುದಾರನಿಗೆ ಅತ್ಯಂತ ಸಹಜವಾದ ಆಸೆ. ಬಿಡಿಸಿದ್ದರೆ ಬಹುಶಃ ಇನ್ನೊಬ್ಬ ಗಟ್ಟಿ ಬೇಸ್‌ಲೈನ್ ಆಟಗಾರ ಸಿಗುತ್ತಿದ್ದ. 2020ರ ಫೆಬ್ರುವರಿಯಲ್ಲಿ ರಿಯೊ ಡಿ ಜನೈರೊದಲ್ಲಿ 16ರ ಅಲ್ಕರಾಜ್ ಎಟಿಪಿ (ಪುರುಷರ ವೃತ್ತಿಪರ ಟೆನಿಸ್ ಸಂಘ) ಮಟ್ಟದ ಮೊದಲ ಪಂದ್ಯ ಆಡಿ, ಅನುಭವಿ ಅಲ್ಬರ್ಟ್ ರಾಮೋಸ್ ವಿನ್ಯೋಲಾಸ್ ಅವರನ್ನು ಮೂರು ಸೆಟ್‌ಗಳಲ್ಲಿ ಮಣಿಸಿದರು. ಆ ಪಂದ್ಯ ಮುಗಿದದ್ದು ಬೆಳಗಿನ ಜಾವ. ಆ ವರ್ಷದ ಕೊನೆಗೆ ಅವರ ರ‍್ಯಾಂಕ್ 141.

ಏರಿಕೆಯ ವೇಗವನ್ನು ಅಳೆಯಲು ಒಂದೇ ಊರು, ಒಂದೇ ತಿಂಗಳು, ಒಬ್ಬರೇ ಎದುರಾಳಿ ಸಾಕು. 2021ರ ಮೇ 5ರಂದು, ಹದಿನೆಂಟು ತುಂಬಿದ ದಿನವೇ, ಮ್ಯಾಡ್ರಿಡ್‌ನಲ್ಲಿ ನಡಾಲ್ ಎದುರು ಅವರು 1–6, 2–6ರಲ್ಲಿ ಸೋತರು. ಸರಿಯಾಗಿ ಒಂದು ವರ್ಷ ಒಂದು ದಿನದ ನಂತರ ಅದೇ ಮ್ಯಾಡ್ರಿಡ್‌ನ ಕ್ವಾರ್ಟರ್‌ಫೈನಲ್‌ನಲ್ಲಿ ಅದೇ ನಡಾಲ್‌ರನ್ನು 6–2, 1–6, 6–3ರಿಂದ ಸೋಲಿಸಿದರು, ಮರುದಿನ ಆಗಿನ ಒಂದನೇ ನಂಬರಿನ ಜೊಕೊವಿಚ್‌ರನ್ನು 6–7, 7–5, 7–6ರಿಂದ, ಅದರ ಮರುದಿನ ಫೈನಲ್‌ನಲ್ಲಿ ಜ್ವರೇವ್‌ರನ್ನು 6–3, 6–1ರಿಂದ. ಆವೆಮಣ್ಣಿನ ಒಂದೇ ಟೂರ್ನಿಯಲ್ಲಿ ನಡಾಲ್, ಜೊಕೊವಿಚ್ ಇಬ್ಬರನ್ನೂ ಸೋಲಿಸಿದವರು ಅದಕ್ಕೆ ಮೊದಲು ಯಾರೂ ಇರಲಿಲ್ಲ. ಇವೆರಡರ ನಡುವೆ, 2021ರ ಅಮೆರಿಕ ಓಪನ್‌ನಲ್ಲಿ 55ನೇ ರ‍್ಯಾಂಕಿನ ಅಲ್ಕರಾಜ್ ಮೂರನೇ ರ‍್ಯಾಂಕಿನ ಸ್ಟೆಫಾನೊಸ್ ಸಿಟ್ಸಿಪಾಸ್ ಅವರನ್ನು ಐದನೇ ಸೆಟ್‌ನ ಟೈಬ್ರೇಕರ್‌ನಲ್ಲಿ ಕೆಡವಿದ್ದರು. ನಾಲ್ಕನೇ ಸೆಟ್ಟನ್ನು 0–6ರಿಂದ ಕಳೆದುಕೊಂಡ ಬಳಿಕ ಬಂದ ಗೆಲುವು ಅದು. ಹನ್ನೆರಡು ತಿಂಗಳಲ್ಲಿ ಯಾವ ಹುಡುಗನ ತೋಳೂ ಅಷ್ಟೊಂದು ಬಲಿಯುವುದಿಲ್ಲ. 2021ರ ಪಂದ್ಯದಲ್ಲೂ ಫೋರ್‌ಹ್ಯಾಂಡ್ ಬಿರುಸಾಗಿಯೇ ಇತ್ತು. ಯಾವ ಚೆಂಡಿಗೆ ಯಾವ ಹೊಡೆತ ಎಂಬ ವಿವೇಚನೆ ಇರಲಿಲ್ಲ, 2022ರಲ್ಲಿ ಅದು ಬಂದಿತ್ತು.

ಡ್ರಾಪ್ ಶಾಟ್ ಇಲ್ಲಿ ಮಾಡುವ ಕೆಲಸವನ್ನು ಅಂಕಣದ ಅಳತೆಯಿಂದಲೇ ತಿಳಿಯಬಹುದು. ಅಂಕಣದ ಉದ್ದ 23.77 ಮೀಟರ್, ಬೇಸ್‌ಲೈನ್‌ನಿಂದ ನೆಟ್‌ಗೆ ಅದರ ಅರ್ಧ, ಅಂದರೆ ಹನ್ನೆರಡು ಮೀಟರಿಗೆ ಸ್ವಲ್ಪ ಕಡಿಮೆ. ಅಲ್ಕರಾಜ್‌ರ ಫೋರ್‌ಹ್ಯಾಂಡ್ ಎಷ್ಟು ಭಾರವಾಗಿ ಪುಟಿಯುತ್ತದೆಂದರೆ ಎದುರಾಳಿ ಬೇಸ್‌ಲೈನ್‌ನ ಹಿಂದೆ ಎರಡು ಮೂರು ಮೀಟರ್ ಸರಿಯಲೇಬೇಕು. ಆಗ ಚೆಂಡು ನೆಟ್ ದಾಟಿ ಎರಡು ಮೀಟರ್ ಆಚೆ ಮೆತ್ತಗೆ ಬಿದ್ದರೆ, ಅದು ಎರಡನೇ ಬಾರಿ ಪುಟಿಯುವುದರೊಳಗೆ ಅವನು ಹನ್ನೆರಡು ಹದಿಮೂರು ಮೀಟರ್ ಓಡಬೇಕು. ಗುಟ್ಟಿರುವುದು ಹೊಡೆತದ ಮುಂಚಿನ ಕ್ಷಣದಲ್ಲಿ. ಭುಜ ತಿರುಗುವುದು, ರ‍್ಯಾಕೆಟ್ ಹಿಂದೆ ಹೋಗುವುದು, ಎಡಗೈ ಮುಂದೆ ಚಾಚುವುದು ಎಲ್ಲವೂ ಬಿರುಸಿನ ಫೋರ್‌ಹ್ಯಾಂಡ್‌ನಂತೆಯೇ. ಕೊನೆಯ ಗಳಿಗೆಯಲ್ಲಿ ಹಿಡಿತ ಬದಲಾಗಿ ರ‍್ಯಾಕೆಟ್‌ನ ಮುಖ ತೆರೆದುಕೊಳ್ಳುತ್ತದೆ. ಎದುರಾಳಿ ಆಗಷ್ಟೇ ಹಿಮ್ಮಡಿಯ ಮೇಲೆ ಭಾರ ಹಾಕಿರುತ್ತಾನೆ. ಹೇಗೋ ಓಡಿ ಬಂದು ಚೆಂಡು ಮುಟ್ಟಿದರೂ ಅಲ್ಕರಾಜ್ ಆಗಲೇ ಎರಡು ಹೆಜ್ಜೆ ಮುಂದೆ ಬಂದು ತಲೆಯ ಮೇಲೆ ಲಾಬ್ ಎತ್ತಲು ಅಥವಾ ಪಕ್ಕದಿಂದ ದಾಟಿಸಲು ಕಾದಿರುತ್ತಾರೆ. ಆ ಒಂದು ಹೊಡೆತದಲ್ಲಿ ಸಿಗುವ ಅಂಕಕ್ಕಿಂತ ಅದರ ಬೆದರಿಕೆ ದೊಡ್ಡದು. ಪಂದ್ಯದಲ್ಲಿ ನಾಲ್ಕೈದು ಬಾರಿ ಹೀಗಾದ ಮೇಲೆ ಎದುರಾಳಿ ಹಿಂದೆ ನಿಲ್ಲಲು ಅಳುಕುತ್ತಾನೆ, ಒಂದು ಹೆಜ್ಜೆ ಮುಂದೆ ಬರುತ್ತಾನೆ, ಆಗ ಅದೇ ಬಿರುಸಿನ ಫೋರ್‌ಹ್ಯಾಂಡ್ ಅವನ ಕಾಲ ಬುಡಕ್ಕೆ ಬರುತ್ತದೆ. ಪಾಲಿಯೆಸ್ಟರ್ ತಂತಿ ಎಲ್ಲರನ್ನೂ ಹಿಂದಕ್ಕೆ ತಳ್ಳಿದ ಕಾಲದಲ್ಲಿ ನೆಟ್‌ನ ಬುಡದ ಜಾಗ ಖಾಲಿಯಾಗಿತ್ತು. ಅಲ್ಲಿಗೆ ಮತ್ತೆ ಚೆಂಡು ಕಳಿಸತೊಡಗಿದ್ದು ಅಲ್ಕರಾಜ್‌ರ ಕೊಡುಗೆ ಎಂದರೆ ಹೆಚ್ಚಾಗದು.

ಈ ವಾದಕ್ಕೆ ಬರುವ ಮೊದಲ ಆಕ್ಷೇಪ ಅದೃಷ್ಟದ್ದು, ಮತ್ತು ಅದು ಹಗುರವಾದದ್ದಲ್ಲ. 2022 ವಿಚಿತ್ರ ವರ್ಷ. ಕೋವಿಡ್ ಲಸಿಕೆ ಹಾಕಿಸಿಕೊಳ್ಳದ ಜೊಕೊವಿಚ್‌ರನ್ನು ಜನವರಿಯಲ್ಲಿ ಆಸ್ಟ್ರೇಲಿಯಾ ಗಡಿಪಾರು ಮಾಡಿತ್ತು, ಅದೇ ಕಾರಣಕ್ಕೆ ಅಮೆರಿಕ ಓಪನ್‌ಗೂ ಅವರಿಗೆ ಪ್ರವೇಶ ಸಿಗಲಿಲ್ಲ. ನಡುವೆ ಅವರು ಗೆದ್ದ ವಿಂಬಲ್ಡನ್‌ಗೆ, ರಷ್ಯಾ ಮತ್ತು ಬೆಲಾರಸ್ ಆಟಗಾರರನ್ನು ಹೊರಗಿಟ್ಟ ಕಾರಣಕ್ಕಾಗಿ, ಎಟಿಪಿ ರ‍್ಯಾಂಕಿಂಗ್ ಅಂಕವನ್ನೇ ಕೊಡಲಿಲ್ಲ. ಜ್ವರೇವ್ ಪ್ಯಾರಿಸ್‌ನ ಸೆಮಿಫೈನಲ್‌ನಲ್ಲಿ ಪಾದ ತಿರುಚಿಕೊಂಡು ವರ್ಷದ ಉಳಿದ ಭಾಗ ಕಳೆದುಕೊಂಡರು. ಖಾಲಿ ಮನೆಗೆ ಹುಡುಗ ನುಗ್ಗಿದ ಎನ್ನುವವರಿಗೆ ಇಷ್ಟು ಸಾಮಗ್ರಿ ಸಾಕು. ಆದರೆ ಲೆಕ್ಕ ತೆಗೆದರೆ ಚಿತ್ರ ಬದಲಾಗುತ್ತದೆ. ಸೆಪ್ಟೆಂಬರ್ 12ರ ಪಟ್ಟಿಯಲ್ಲಿ ಅಲ್ಕರಾಜ್ ಬಳಿ 6,740 ಅಂಕಗಳಿದ್ದವು, ಎರಡನೆಯವರಾದ ಕ್ಯಾಸ್ಪರ್ ರೂಡ್ ಬಳಿ 5,850, ನಡಾಲ್ ಬಳಿ 5,810. ಏಳನೇ ಸ್ಥಾನಕ್ಕಿಳಿದಿದ್ದ ಜೊಕೊವಿಚ್‌ಗೆ ವಿಂಬಲ್ಡನ್‌ನ 2000 ಅಂಕಗಳನ್ನು ಕೂಡಿಸಿ ಕೊಟ್ಟರೂ ಅವರು ಅಲ್ಕರಾಜ್‌ರನ್ನು ಮುಟ್ಟುತ್ತಿರಲಿಲ್ಲ. ಮೆಲ್ಬರ್ನ್ ಮತ್ತು ನ್ಯೂಯಾರ್ಕ್‌ನಲ್ಲಿ ಆಡಿದ್ದರೆ ಏನಾಗುತ್ತಿತ್ತು ಎಂಬ ಪ್ರಶ್ನೆ ಉಳಿಯುತ್ತದೆ, ಅದನ್ನು ಅಲ್ಲಗಳೆಯುವುದು ಪ್ರಾಮಾಣಿಕತೆಯಲ್ಲ. ಜೊಕೊವಿಚ್ ಆಡಿದ್ದರೆ ಆ ಸೆಪ್ಟೆಂಬರ್‌ನಲ್ಲಿ ಅಗ್ರಸ್ಥಾನ ಅವರದೇ ಆಗಿರಬಹುದಿತ್ತು. ಆದರೂ ರಿಯೊ, ಮಯಾಮಿ, ಬಾರ್ಸಿಲೋನಾ, ಮ್ಯಾಡ್ರಿಡ್, ನ್ಯೂಯಾರ್ಕ್ ಎಂಬ ಐದು ಪ್ರಶಸ್ತಿಗಳು ಎರಡು ನೆಲಗಳಲ್ಲಿ ಏಳು ತಿಂಗಳಿಗೆ ಹರಡಿಕೊಂಡಿವೆ. ಅದೃಷ್ಟ ಒಂದು ವಾರ ಜೊತೆಗಿರಬಹುದು, ಅಷ್ಟು ದೂರ ನಡೆದು ಬರುವುದಿಲ್ಲ. ವರ್ಷದ ಆರಂಭದಲ್ಲಿ 32ನೇ ಸ್ಥಾನದಲ್ಲಿದ್ದವರು ಅವರು.

ಎರಡನೇ ಆಕ್ಷೇಪ: ಇಷ್ಟೆಲ್ಲ ಬುದ್ಧಿಯ ಮಾತು ಯಾಕೆ, ಗೆದ್ದದ್ದು ದಣಿಯದ ದೇಹ. 2022ರ ಅಮೆರಿಕ ಓಪನ್ ಇದಕ್ಕೆ ಸಾಕ್ಷಿ ಎನ್ನುತ್ತಾರೆ. ಮರಿನ್ ಸಿಲಿಚ್, ಯಾನಿಕ್ ಸಿನ್ನರ್, ಫ್ರಾನ್ಸಿಸ್ ಟಿಯಾಫೊ ಎದುರು ಸತತ ಮೂರು ಐದು ಸೆಟ್‌ಗಳ ಪಂದ್ಯಗಳು. ಅದರಲ್ಲೂ ಸಿನ್ನರ್ ಜತೆಗಿನದು 5 ಗಂಟೆ 15 ನಿಮಿಷ ನಡೆದು ರಾತ್ರಿ 2.50ಕ್ಕೆ ಮುಗಿಯಿತು, ಅಲ್ಕರಾಜ್ ಅಲ್ಲಿ ಒಂದು ಮ್ಯಾಚ್ ಪಾಯಿಂಟ್‌ನಿಂದ ಪಾರಾಗಿದ್ದರು. ಫೈನಲ್‌ನಲ್ಲಿ ರೂಡ್‌ರನ್ನು 6–4, 2–6, 7–6, 6–3ರಿಂದ ಸೋಲಿಸುವ ಹೊತ್ತಿಗೆ ಅವರು ಅಂಕಣದಲ್ಲಿ 23 ಗಂಟೆಗೂ ಮಿಕ್ಕಿ ಕಳೆದಿದ್ದರು. ಹತ್ತೊಂಬತ್ತರ ದೇಹವಲ್ಲದೆ ಇದು ಸಾಧ್ಯವಿರಲಿಲ್ಲ, ಒಪ್ಪೋಣ. ಆದರೆ ಇದೇ ದೇಹ 2023ರ ಜೂನ್‌ನಲ್ಲಿ ಪ್ಯಾರಿಸ್‌ನಲ್ಲಿ ಕೈಕೊಟ್ಟಿತು. ಜೊಕೊವಿಚ್ ವಿರುದ್ಧದ ಸೆಮಿಫೈನಲ್‌ನಲ್ಲಿ ಒಂದೊಂದು ಸೆಟ್ ಹಂಚಿಕೊಂಡು ಮೂರನೇ ಸೆಟ್ 1–1 ಆಗಿದ್ದಾಗ ಮೈಯೆಲ್ಲ ಸೆಳೆತ ಹಿಡಿಯಿತು. ಚಿಕಿತ್ಸೆಗಾಗಿ ನಿಯಮದಂತೆ ಒಂದು ಗೇಮ್ ಬಿಟ್ಟುಕೊಡಬೇಕಾಯಿತು. ಉಳಿದ ಎರಡು ಸೆಟ್‌ಗಳಲ್ಲಿ ಸಿಕ್ಕಿದ್ದು ಎರಡೇ ಗೇಮ್. ತಮಗಿಂತ ಹದಿನಾರು ವರ್ಷ ದೊಡ್ಡವರು ಎದುರಿಗೆ ಆರಾಮವಾಗಿ ಓಡಾಡುತ್ತಿದ್ದಾಗ ಕುಸಿದದ್ದು ಇಪ್ಪತ್ತರ ಹುಡುಗ. ಸೆಳೆತಕ್ಕೆ ಕಾರಣ ಓಟವಲ್ಲ, ಮನಸ್ಸಿನ ಬಿಗಿತ ಎಂದು ಅಲ್ಕರಾಜ್ ಅವರೇ ಆಮೇಲೆ ಹೇಳಿದರು. ದೇಹವೇ ಎಲ್ಲವೂ ಆಗಿದ್ದರೆ ಆ ದಿನ ಗೆಲುವು ಅವರದೇ ಆಗಬೇಕಿತ್ತು, ಮತ್ತು ಐದು ವಾರದ ಬಳಿಕ ವಿಂಬಲ್ಡನ್‌ನಲ್ಲಿ ನಡೆದದ್ದಕ್ಕೆ ವಿವರಣೆಯೇ ಸಿಗುವುದಿಲ್ಲ.

ಜೊಕೊವಿಚ್ ವಿರುದ್ಧದ ಆ ವಿಂಬಲ್ಡನ್ ಫೈನಲ್ಲನ್ನು (16 ಜುಲೈ 2023) ಸ್ವಲ್ಪ ಹತ್ತಿರದಿಂದ ನೋಡುವುದು ಅಗತ್ಯ. ಜೊಕೊವಿಚ್ ಅಲ್ಲಿ ಸತತ ನಾಲ್ಕು ಬಾರಿ ಗೆದ್ದಿದ್ದರು. ಸೆಂಟರ್ ಕೋರ್ಟ್‌ನಲ್ಲಿ ಸೋತು ಹತ್ತು ವರ್ಷವಾಗಿತ್ತು. ಅಲ್ಕರಾಜ್‌ಗೆ ಹುಲ್ಲಿನ ಮೇಲೆ ಅದು ಕೇವಲ ನಾಲ್ಕನೇ ಟೂರ್ನಿ. ಹುಲ್ಲಿನಲ್ಲಿ ಹೆಜ್ಜೆ ಇಡುವುದನ್ನು ಫೆಡರರ್ ಮತ್ತು ಆ್ಯಂಡಿ ಮರ‍್ರೆ ಅವರ ವಿಡಿಯೊ ನೋಡಿ ಕಲಿಯುತ್ತಿದ್ದೇನೆ ಎಂದು ಅವರು ಹೇಳಿಕೊಂಡದ್ದು ಆ ಬೇಸಿಗೆಯಲ್ಲೇ. ಮೊದಲ ಸೆಟ್ 1–6. ಎರಡನೆಯದು ಟೈಬ್ರೇಕರ್‌ಗೆ ಹೋಯಿತು, ಗ್ರ್ಯಾನ್‌ಸ್ಲಾಮ್‌ಗಳಲ್ಲಿ ಜೊಕೊವಿಚ್ ಅದಕ್ಕೆ ಮುಂಚಿನ ಹದಿನೈದು ಟೈಬ್ರೇಕರ್‌ಗಳನ್ನೂ ಗೆದ್ದಿದ್ದರು. ಇಲ್ಲೂ ಅವರಿಗೆ ಒಂದು ಸೆಟ್ ಪಾಯಿಂಟ್ ಸಿಕ್ಕಿತು, ಬ್ಯಾಕ್‌ಹ್ಯಾಂಡ್ ನೆಟ್‌ಗೆ ಬಡಿಯಿತು. ನಂತರ ಅಲ್ಕರಾಜ್ ಸರ್ವ್‌ಗೆ ಉತ್ತರವಾಗಿ ಗೆರೆಯುದ್ದಕ್ಕೂ ಬ್ಯಾಕ್‌ಹ್ಯಾಂಡ್ ಹರಿಸಿ 8–6ರಲ್ಲಿ ಸೆಟ್ ಮುಗಿಸಿದರು. ಮೂರನೇ ಸೆಟ್‌ನ ಐದನೇ ಗೇಮ್ ಒಂದೇ ಇಪ್ಪತ್ತೈದು ನಿಮಿಷ ಮೀರಿ ನಡೆಯಿತು, ಹದಿಮೂರು ಸಲ ಡ್ಯೂಸ್. ಜೊಕೊವಿಚ್‌ರ ಸರ್ವ್ ಮುರಿದದ್ದಕ್ಕಿಂತ ಅದನ್ನು ಮುರಿದ ರೀತಿ ಗಮನಾರ್ಹ: ಒಮ್ಮೆ ಆಳಕ್ಕೆ, ಒಮ್ಮೆ ಮೆತ್ತಗೆ, ಒಮ್ಮೆ ತಾವೇ ನೆಟ್‌ಗೆ. ಎದುರಾಳಿಯನ್ನು ಒಂದೇ ತಾಳಕ್ಕೆ ಕಟ್ಟಿಹಾಕಿ ಗೆಲ್ಲುವುದು ಜೊಕೊವಿಚ್‌ರ ಹಳೆಯ ವಿದ್ಯೆ, ಇಲ್ಲಿ ಕಟ್ಟಲು ತಾಳವೇ ಸಿಗಲಿಲ್ಲ. ಐದನೇ ಸೆಟ್ 5–4 ಆಗಿ ಪ್ರಶಸ್ತಿಗಾಗಿ ಸರ್ವ್ ಮಾಡುವಾಗ ಅಲ್ಕರಾಜ್ ಮೊದಲ ಅಂಕದಲ್ಲಿ ಡ್ರಾಪ್ ಶಾಟ್ ಆಡಿ ಕಳೆದುಕೊಂಡರು. ಅಂಥ ಹೊತ್ತಿನಲ್ಲಿ ಇಪ್ಪತ್ತರ ಯಾವ ಆಟಗಾರನಾದರೂ ಅದನ್ನು ಜೇಬಿನಲ್ಲಿಟ್ಟು ಸುರಕ್ಷಿತ ಆಟಕ್ಕೆ ಇಳಿಯುತ್ತಿದ್ದ. ಅವರು ಮುಂದಿನ ಅಂಕದಲ್ಲೇ ಮತ್ತೆ ಡ್ರಾಪ್ ಆಡಿ, ಓಡಿ ಬಂದ ಜೊಕೊವಿಚ್‌ರ ತಲೆಯ ಮೇಲೆ ಲಾಬ್ ಎತ್ತಿದರು. ಅಂತಿಮ ಸ್ಕೋರ್ 1–6, 7–6, 6–1, 3–6, 6–4. ಅವಧಿ 4 ಗಂಟೆ 42 ನಿಮಿಷ. ಸೋತ ಜೊಕೊವಿಚ್, ಈ ಹುಡುಗನಲ್ಲಿ ಫೆಡರರ್, ನಡಾಲ್ ಮತ್ತು ತಮ್ಮ ಆಟದ ಅಂಶಗಳೆಲ್ಲ ಸೇರಿವೆ ಎಂದರು. ಔದಾರ್ಯದ ಮಾತು ಎಂದು ಅದನ್ನು ತಳ್ಳಿಹಾಕಬಹುದಿತ್ತು, ಆದರೆ ಆ ಮೂವರನ್ನೂ ಅವರಷ್ಟು ಬಲ್ಲವರು ಬೇರೆ ಯಾರಿದ್ದಾರೆ?

ಬತ್ತಳಿಕೆ ತುಂಬಿರುವುದು ಅನುಕೂಲವಷ್ಟೇ ಅಲ್ಲ, ಹೊರೆಯೂ ಹೌದು. ಅಲ್ಕರಾಜ್‌ರ ಸೋಲುಗಳನ್ನು ನೋಡಿದರೆ ಇದು ತಿಳಿಯುತ್ತದೆ. 2023ರ ಸಿನ್ಸಿನಾಟಿ ಫೈನಲ್‌ನಲ್ಲಿ ಚಾಂಪಿಯನ್‌ಷಿಪ್ ಪಾಯಿಂಟ್ ಕೈಯಲ್ಲಿದ್ದೂ ಜೊಕೊವಿಚ್‌ಗೆ ಸೋತರು. 2024ರ ಪ್ಯಾರಿಸ್ ಒಲಿಂಪಿಕ್ಸ್ ಫೈನಲ್‌ನಲ್ಲಿ, ವಿಂಬಲ್ಡನ್‌ನಲ್ಲಿ ಅದೇ ಎದುರಾಳಿಯನ್ನು ಮೂರೇ ಸೆಟ್‌ಗಳಲ್ಲಿ ಮಣಿಸಿ ಮೂರು ವಾರವಷ್ಟೇ ಆಗಿದ್ದಾಗ, ಎರಡು ಟೈಬ್ರೇಕರ್‌ಗಳಲ್ಲಿ ಚಿನ್ನ ಬಿಟ್ಟುಕೊಟ್ಟರು. ಅದೇ ತಿಂಗಳ ಕೊನೆಗೆ ಅಮೆರಿಕ ಓಪನ್‌ನ ಎರಡನೇ ಸುತ್ತಿನಲ್ಲಿ 74ನೇ ರ‍್ಯಾಂಕಿನ ಬೊಟಿಕ್ ವಾನ್ ಡಿ ಜಾಂಡ್‌ಶುಲ್ಪ್ ಎದುರು ಒಂದು ಸೆಟ್ಟೂ ಗೆಲ್ಲಲಾಗಲಿಲ್ಲ. ಒಂದು ಚೆಂಡಿಗೆ ನಾಲ್ಕು ಉತ್ತರ ಗೊತ್ತಿದ್ದವನು ತಪ್ಪು ಉತ್ತರ ಆರಿಸುವ ಸಂಭವವೂ ಹೆಚ್ಚು. ಆಯ್ಕೆಯೇ ಇಲ್ಲದ ಆಟಗಾರನಿಗೆ ಕೆಟ್ಟ ದಿನ ಎಂದರೆ ಹೊಡೆತ ಕೆಡುವುದು, ಅಲ್ಕರಾಜ್‌ಗೆ ಕೆಟ್ಟ ದಿನ ಎಂದರೆ ಯೋಚನೆ ಕೆಡುವುದು. ಅವರ ಆಟದಲ್ಲಿ ಕಾಣುವ ಏರಿಳಿತವನ್ನು ಏಕಾಗ್ರತೆಯ ಕೊರತೆ ಎಂದು ವ್ಯಾಖ್ಯಾನಕಾರರು ಹಗುರವಾಗಿ ಹೇಳಿಬಿಡುತ್ತಾರೆ. ಅದು ಅವರ ಏಳಿಗೆಗೆ ಕಾರಣವಾದ ಗುಣದ್ದೇ ಇನ್ನೊಂದು ಮುಖ ಎನ್ನುವುದು ಹೆಚ್ಚು ಸರಿ.

ಈ ವಾದಕ್ಕೆ ಎದುರಾಗುವ ನಿಜವಾದ ಸವಾಲು ಅದೃಷ್ಟವೂ ಅಲ್ಲ, ದೇಹವೂ ಅಲ್ಲ, ಇಟಲಿಯ ಯಾನಿಕ್ ಸಿನ್ನರ್. ಅಲ್ಕರಾಜ್‌ಗಿಂತ ಸುಮಾರು ಎರಡು ವರ್ಷ ದೊಡ್ಡವರಾದ ಸಿನ್ನರ್ ಕೆಲವೇ ಹೊಡೆತಗಳನ್ನು ಇನ್ನಿಲ್ಲದ ಶುದ್ಧತೆಯಿಂದ ಆಡಿ 2024ರ ಜೂನ್‌ನಲ್ಲಿ ಅಗ್ರಸ್ಥಾನಕ್ಕೆ ಬಂದರು, 2025ರ ವಿಂಬಲ್ಡನ್ ಫೈನಲ್‌ನಲ್ಲಿ ಅಲ್ಕರಾಜ್‌ರನ್ನು ನಾಲ್ಕು ಸೆಟ್‌ಗಳಲ್ಲಿ ಸೋಲಿಸಿದರು. ಹಾಗಾದರೆ ಉತ್ತರಗಳ ಸಂಖ್ಯೆಗೆ ಏನು ಬೆಲೆ? ಇದಕ್ಕೆ ಎರಡು ಮಾತು. ಸಿನ್ನರ್ ಮೊದಲ ಗ್ರ್ಯಾನ್‌ಸ್ಲಾಮ್ ಗೆದ್ದದ್ದು, ಅಗ್ರಸ್ಥಾನ ಹಿಡಿದದ್ದು ಎರಡೂ 22ರಲ್ಲಿ. ಶುದ್ಧತೆಯ ದಾರಿಯೂ ಶಿಖರಕ್ಕೇ ಹೋಗುತ್ತದೆ, ಆದರೆ ತುಸು ನಿಧಾನವಾಗಿ, ಮತ್ತು ಇಲ್ಲಿ ವಿಷಯ ಏರಿದ ವಯಸ್ಸಿನದು. ಎರಡನೆಯದು ಹೆಚ್ಚು ಕುತೂಹಲಕರ. 2025ರ ಫ್ರೆಂಚ್ ಓಪನ್ ಫೈನಲ್‌ನಲ್ಲಿ ಅಲ್ಕರಾಜ್ ಎರಡು ಸೆಟ್ ಹಿಂದಿದ್ದು, ನಾಲ್ಕನೆಯದರಲ್ಲಿ ಮೂರು ಚಾಂಪಿಯನ್‌ಷಿಪ್ ಪಾಯಿಂಟ್ ಉಳಿಸಿಕೊಂಡು, 5 ಗಂಟೆ 29 ನಿಮಿಷಗಳ ಬಳಿಕ ಗೆದ್ದರು. ಅಲ್ಲಿನ ಫೈನಲ್‌ಗಳಲ್ಲಿ ಅದು ಅತಿ ದೀರ್ಘವಾದದ್ದು. ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕಿನ ಫೈನಲ್‌ನಲ್ಲಿ 6–2, 3–6, 6–1, 6–4ರಿಂದ ಮತ್ತೆ ಗೆದ್ದು ಅಗ್ರಸ್ಥಾನವನ್ನೂ ಮರಳಿ ಪಡೆದರು. ಆ ಸೋಲಿನ ನಂತರ ಸಿನ್ನರ್, ತಮ್ಮ ಆಟ ಎದುರಾಳಿಗೆ ಮೊದಲೇ ತಿಳಿಯುವಂತಾಗಿದೆ, ಕೆಲವು ಪಂದ್ಯ ಸೋತರೂ ಸರಿ ಅದನ್ನು ಬದಲಿಸಬೇಕು ಎಂದು ಹೇಳಿದರು. ಕಡಿಮೆ ಉತ್ತರಗಳಿಂದ ಅತ್ಯುನ್ನತ ಮಟ್ಟ ಮುಟ್ಟಿದ ಆಟಗಾರನೇ ಇನ್ನಷ್ಟು ಉತ್ತರ ಬೇಕು ಎನ್ನುವಾಗ ಬೇರೆ ಸಾಕ್ಷಿ ಹುಡುಕಬೇಕಿಲ್ಲ.

ಮಹಿಳೆಯರ ಟೆನಿಸ್‌ನಲ್ಲಿ ಹದಿಹರೆಯದ ಅಗ್ರಸ್ಥಾನ ಹೊಸದಲ್ಲವಲ್ಲ ಎಂಬ ಮಾತೂ ಇದೆ. ಮೋನಿಕಾ ಸೆಲೆಸ್ 1991ರಲ್ಲಿ 17ಕ್ಕೆ, ಮಾರ್ಟಿನಾ ಹಿಂಗಿಸ್ 1997ರಲ್ಲಿ 16ಕ್ಕೆ ಅಲ್ಲಿಗೇರಿದ್ದರು. ಅಲ್ಲಿ ಗ್ರ್ಯಾನ್‌ಸ್ಲಾಮ್ ಪಂದ್ಯಗಳೂ ಮೂರು ಸೆಟ್‌ನವು, ದೇಹ ಪಕ್ವವಾಗುವ ವಯಸ್ಸೂ ಬೇರೆ, ಹಾಗಾಗಿ ನೇರ ಹೋಲಿಕೆ ಕಷ್ಟ. ಆದರೂ ಹಿಂಗಿಸ್ ಬಲದಿಂದಲ್ಲ, ಅಂಕಣದ ಮೂಲೆಮೂಲೆ ಬಲ್ಲ ಜಾಣತನದಿಂದ ಗೆದ್ದವರು ಎಂಬುದು ಇಲ್ಲಿ ನೆನಪಾಗುತ್ತದೆ. ಇನ್ನೊಂದು ತುದಿಗೆ ಕೊಡಗಿನ ರೋಹನ್ ಬೋಪಣ್ಣ ಇದ್ದಾರೆ. 2024ರ ಜನವರಿಯಲ್ಲಿ 43ರ ವಯಸ್ಸಿನಲ್ಲಿ ಅವರು ಪುರುಷರ ಡಬಲ್ಸ್‌ನ ಒಂದನೇ ಸ್ಥಾನಕ್ಕೇರಿ, ಆ ಜಾಗ ಮೊದಲ ಸಲ ಕಂಡವರಲ್ಲಿ ಅತಿ ಹಿರಿಯರೆನಿಸಿದರು. ಓಡಾಡುವ ಜಾಗ ಕುಗ್ಗುವ ಡಬಲ್ಸ್‌ನಲ್ಲಿ ವಯಸ್ಸು ಕಸಿಯುವುದು ಕಡಿಮೆ, ಕೂಡಿಸಿದ್ದು ಉಳಿಯುತ್ತದೆ. ವರ್ಷಗಳು ಆಟಗಾರನಿಗೆ ಕೊಡುವುದು ಉತ್ತರಗಳನ್ನೇ ಎಂಬುದಕ್ಕೆ ಬೋಪಣ್ಣರ ಕೊನೆಯ ದಶಕಕ್ಕಿಂತ ಸ್ಪಷ್ಟ ನಿದರ್ಶನ ಸಿಗುವುದು ಕಷ್ಟ.

2024ರಲ್ಲಿ ಫ್ರೆಂಚ್ ಓಪನ್ ಗೆದ್ದು ಮೂರೂ ನೆಲಗಳಲ್ಲಿ ಗ್ರ್ಯಾನ್‌ಸ್ಲಾಮ್ ಗೆದ್ದ ಅತಿ ಕಿರಿಯ ಪುರುಷನಾದ ಮೇಲೆ ಅಲ್ಕರಾಜ್ ಸವಾಲು ಹಾಕುವವರ ಸಾಲಿನಲ್ಲಿಲ್ಲ, ಸವಾಲು ಎದುರಿಸುವವರ ಸಾಲಿನಲ್ಲಿದ್ದಾರೆ. ಮುಂದಿನವರು ಬಂದೂ ಆಗಿದೆ. ಜೆಕ್ ಗಣರಾಜ್ಯದ ಯಾಕುಬ್ ಮೆನ್ಶಿಕ್ 2025ರ ಮಾರ್ಚ್‌ನಲ್ಲಿ 19ರ ಪ್ರಾಯದಲ್ಲಿ ಮಯಾಮಿ ಫೈನಲ್‌ನಲ್ಲಿ ಜೊಕೊವಿಚ್‌ರನ್ನು ಎರಡು ಟೈಬ್ರೇಕರ್‌ಗಳಲ್ಲಿ ಸೋಲಿಸಿದರು, ಅದು ಹೆಚ್ಚಾಗಿ ಬಿರುಸಿನ ಸರ್ವ್‌ನ ಗೆಲುವು. 2006ರಲ್ಲಿ ಹುಟ್ಟಿದ ಬ್ರೆಜಿಲ್‌ನ ಜ್ವಾವ್ ಫೊನ್ಸೆಕಾ ಅದೇ ವರ್ಷದ ಆಸ್ಟ್ರೇಲಿಯಾ ಓಪನ್‌ನ ಮೊದಲ ಸುತ್ತಿನಲ್ಲಿ ಆಂಡ್ರೆ ರುಬ್ಲೆವ್‌ರನ್ನು ನೇರ ಸೆಟ್‌ಗಳಲ್ಲಿ ಮಣಿಸಿ, ಮುಂದಿನ ಸುತ್ತಿನಲ್ಲೇ ಐದು ಸೆಟ್‌ಗಳಲ್ಲಿ ಸೋತರು. ಬಳಿಕ ಬ್ಯೂನಸ್ ಐರಿಸ್‌ನ ಆವೆಮಣ್ಣಿನಲ್ಲೂ ಬಾಸೆಲ್‌ನ ಒಳಾಂಗಣದಲ್ಲೂ ಪ್ರಶಸ್ತಿ ಗೆದ್ದರು. ಇಬ್ಬರ ಹೊಡೆತದ ವೇಗವೂ ಈಗಾಗಲೇ ಅಗ್ರ ಆಟಗಾರರ ಮಟ್ಟದ್ದು, ಆ ಬಗ್ಗೆ ಅನುಮಾನವಿಲ್ಲ. ಎರಡು ನೆಲಗಳಲ್ಲಿ ಗೆದ್ದಿರುವ ಫೊನ್ಸೆಕಾ ಈ ಲೇಖನದ ಅಳತೆಗೋಲಿನಲ್ಲಿ ಒಂದು ಹೆಜ್ಜೆ ಮುಂದಿದ್ದಾರೆ. ಮೆನ್ಶಿಕ್‌ಗೆ ತಮ್ಮ ಸರ್ವ್ ಕೈಕೊಟ್ಟ ದಿನ ಆಡಲು ಇನ್ನೊಂದು ಆಟ ಬೇಕಾಗುತ್ತದೆ.